ಸಾಲಾರ್ ಜಂಗ್ ಮ್ಯೂಸಿಯಂನ ಫ್ರೆಂಚ್ ವಸ್ತುಗಳು ಮತ್ತು ಟೀಪುವಿನ ದಂತದ ಕುರ್ಚಿಗಳು

ನಮ್ಮ ನವಿ ಪೇಠದ ಕಡೆಯವರು ಶೈಕ್ಷಣಿಕ ಸಹಲು ಎಂದರೆ ಮೊದಲು ವಿಜಯಪುರ, ಬಾದಾಮಿ ಎನ್ನುತ್ತೇವೆ. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರ ಹೇಗೂ ಹತ್ತಿರವೇ ಇದೆ. ಆದರೆ ಫ್ರಾನ್ಸ್ ದೇಶದ ಕಲೆಯನ್ನು ಮಕ್ಕಳು ಕಣ್ಣಾರೆ ನೋಡಬೇಕೆಂದರೆ ಕಲಬುರಗಿ, ವಾಡಿ ದಾಟಿ ಹೈದರಾಬಾದಿಗೇ ಹೋಗಬೇಕು.

ಅಲ್ಲಿನ ಸಾಲಾರ್ ಜಂಗ್ ಮ್ಯೂಸಿಯಂ ಮುಖ್ಯವಾಗಿ ಒಬ್ಬನೇ ಮನುಷ್ಯನ ಹವ್ಯಾಸದ ಫಲ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ನಿಜಾಮರ ದಿವಾನಗಿರಿ ಬಿಟ್ಟ ಮೇಲೆ ಬದುಕನ್ನೆಲ್ಲ ವಸ್ತು ಕೂಡಿಸುವುದಕ್ಕೇ ಕೊಟ್ಟರು. ಅವರು ತೀರಿಕೊಂಡ ಮೇಲೆ, 1951ರಲ್ಲಿ, ನೆಹರೂ ಅವರು ಮ್ಯೂಸಿಯಂ ಉದ್ಘಾಟಿಸಿದರು. ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಹೋದವರೆಲ್ಲ ಗಂಟೆ ಬಾರಿಸುವ ಗಡಿಯಾರದ ಮುಂದೆ ಗುಂಪುಗೂಡುತ್ತಾರೆ. ನಾವು ಹೇಳುವುದು, ಫ್ರೆಂಚ್ ಕಲಾವಿದನ ಕಟ್ಟಿಗೆಯ ಜೋಡಿ ಮೂರ್ತಿಯನ್ನು ಬಿಡಬೇಡಿ. 19ನೇ ಶತಮಾನದ್ದು. ಎದುರಿಗೆ ಗರ್ವದಿಂದ ನಿಂತ ಮೆಫಿಸ್ಟೋಫಿಲಿಸ್ ಎಂಬ ಸೈತಾನ. ಹಿಂದಿನ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿದ ಮಾರ್ಗರೆಟ್. ಒಂದೇ ದಿಮ್ಮಿ, ಇಬ್ಬರು ಮನುಷ್ಯರು! ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕದ ಪಾತ್ರಗಳಿವು.

ಇನ್ನು ದಂತದ ಕುರ್ಚಿಗಳು. ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ನಮ್ಮ ಟೀಪು ಸುಲ್ತಾನನಿಗೆ ಕಳಿಸಿದ ಕಾಣಿಕೆ ಎಂದು ಅಲ್ಲಿ ಹೇಳುತ್ತಾರೆ. ಕನ್ನಡದ ಮಕ್ಕಳಿಗೆ ಇದನ್ನು ಕೇಳಿ ಹಿಗ್ಗು ಬರುವುದು ಸಹಜ. ಆದರೆ ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು.

ಟೀಪುವಿನ ಮೂವರು ರಾಯಭಾರಿಗಳು ಲೂಯಿಯನ್ನು ಕಂಡದ್ದು ನಿಜ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದರ್ಬಾರು ನಡೆಯಿತು. ಅವರಲ್ಲಿ ಒಬ್ಬನಾದ ಮುಹಮ್ಮದ್ ದರ್ವೇಶ್ ಖಾನನ ಚಿತ್ರವನ್ನು ವಿಜೆ ಲೆ ಬ್ರನ್ ಎಂಬ ಪ್ರಸಿದ್ಧ ಚಿತ್ರಕಾರ್ತಿ ಅದೇ ವರ್ಷ ಬರೆದಳು. ಟೀಪು ಬೇಡಿದ್ದು ಸೈನ್ಯ, ಅದು ಸಿಗಲಿಲ್ಲ. ಸಿಕ್ಕಿದ್ದು ಕೆಲವು ಕುಶಲಕರ್ಮಿಗಳು ಮತ್ತು ಸೆವ್ರ್ ಕಾರ್ಖಾನೆಯ ಪಿಂಗಾಣಿ ಸಾಮಾನು. ಫ್ರೆಂಚ್ ದೊರೆಗಳು ಹೆಮ್ಮೆಯಿಂದ ಕೊಡುತ್ತಿದ್ದ ಕಾಣಿಕೆ ಆ ಪಿಂಗಾಣಿಯೇ.

ದಂತದ ಕುರ್ಚಿ ಮಾಡುವುದರಲ್ಲಿ ಹೆಸರಾದವರು ನಮ್ಮ ದೇಶದ ಮುರ್ಶಿದಾಬಾದ್, ವಿಶಾಖಪಟ್ಟಣದ ಕಸುಬುದಾರರು. ಯುರೋಪಿನ ನಮೂನೆ ನೋಡಿ ಹಾಗೆಯೇ ಕೆತ್ತುತ್ತಿದ್ದರು. ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂನಲ್ಲಿರುವ ದಂತದ ಕುರ್ಚಿಗಳಿಗೂ ಒಮ್ಮೆ ಟೀಪುವಿನ ಹೆಸರೇ ಅಂಟಿತ್ತು. ಈಗ ಅವು ಮುರ್ಶಿದಾಬಾದಿನವು ಎನ್ನುತ್ತಾರೆ. ಆದ್ದರಿಂದ ಹೈದರಾಬಾದಿನ ಕುರ್ಚಿಗಳ ವಿಷಯದಲ್ಲೂ ಮಕ್ಕಳ ವಹಿಯಲ್ಲಿ "ಕಳಿಸಿದನು" ಎಂದು ಬರೆಸದೆ "ಕಳಿಸಿದನೆಂದು ಹೇಳುತ್ತಾರೆ" ಎಂದು ಬರೆಸುವುದು ನಮಗೆ ಸರಿ ಕಾಣುತ್ತದೆ. ನಮ್ಮವರ ಕೈಕೆಲಸ ಎಂದಾದರೆ ಹಿಗ್ಗು ಕಡಿಮೆಯಾಗುವುದೇನೂ ಇಲ್ಲವಲ್ಲ!

ಸಹಲು ಹೊರಡುವ ಗುರುಗಳು ದಿನ ನೋಡಿ ಹೊರಡಿರಿ, ಶುಕ್ರವಾರ ಮ್ಯೂಸಿಯಂಗೆ ರಜೆ.