ಭಿತ್ತಿಪತ್ರದ ಅಕ್ಷರ, ಗಡಿನಾಡಿನ ಕನ್ನಡ

ನೂರು ವರ್ಷ ಪೂರೈಸಿದ ನಮ್ಮ ಶಾಲೆ ಕನ್ನಡ ವಾಕ್ಚಿತ್ರಕ್ಕಿಂತ ಹಿರಿಯದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಂದಿನಿಂದ ಗಡಿನಾಡಿನ ಮಕ್ಕಳಿಗೆ ಕರಿಹಲಗೆಯ ಜೊತೆಗೆ ಕನ್ನಡದ ಅಕ್ಷರವನ್ನು ತೋರಿಸುತ್ತ ಬಂದ ಇನ್ನೊಂದು ವಸ್ತು ಸಿನಿಮಾ ಭಿತ್ತಿಪತ್ರ. ಶತಮಾನೋತ್ಸವದ ಈ ಸಂದರ್ಭದಲ್ಲಿ ಅದರ ಚರಿತ್ರೆಯನ್ನೂ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಆರಂಭದ ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ರಾಜ್‌ಕುಮಾರ್ ಅವರನ್ನು ನಾಯಕರಾಗಿ ಪರಿಚಯಿಸಿದ 1954ರ ‘ಬೇಡರ ಕಣ್ಣಪ್ಪ’ಕ್ಕೂ ಮದರಾಸಿನ ಎ.ವಿ.ಎಂ. ನೆರವಿತ್ತು. ಚಿತ್ರ ತಯಾರಾಗುವ ಮದರಾಸಿಗೂ ಅದನ್ನು ಮೆಚ್ಚಿ ನೋಡುವ ಬೆಂಗಳೂರಿಗೂ ನಡುವಣ ಹೆದ್ದಾರಿಯಲ್ಲಿ ನಮ್ಮ ಕೃಷ್ಣಗಿರಿ, ಹೊಸೂರುಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಬೆಂಗಳೂರಿನ ಚಿತ್ರಮಂದಿರಗಳು ಮಾತ್ರ ಸುಮಾರು 40 ಕಿ.ಮೀ. ದೂರದಲ್ಲೇ ಇದ್ದವು.

ಅಚ್ಚುಮೊಳೆಗಳು ಪುಸ್ತಕದ ಅಳತೆಯವು. ಆದ್ದರಿಂದ ಭಿತ್ತಿಪತ್ರದ ದೊಡ್ಡ ಶೀರ್ಷಿಕೆಯನ್ನು ಕಲಾವಿದರು ಕುಂಚದಿಂದಲೇ ಬರೆಯುತ್ತಿದ್ದರು. ಹೀಗೆ ಅಕ್ಷರಕ್ಕೆ ಭಾವ ಬಂದಿತು. ಪೌರಾಣಿಕ ಚಿತ್ರದ ಹೆಸರು ಬಳ್ಳಿ, ಒಡವೆಗಳ ಅಲಂಕಾರ ತೊಟ್ಟಿತು. ಸಾಹಸಚಿತ್ರದ ಹೆಸರು ಬಿರುಕುಬಿಟ್ಟ ಬಂಡೆಯಂತಾಯಿತು. ಭಯಾನಕ ಚಿತ್ರದ್ದು ನೆತ್ತರು ಸುರಿಸಿತು. ತಲೆಕಟ್ಟು ಕಮಾನಿನಂತೆ ಹಿಗ್ಗಿತು, ಒತ್ತಕ್ಷರ ಬಾಲದಂತೆ ಕೆಳಗೆ ಚಾಚಿತು. ತರುಣರು ಈ ಬಗೆಗಳನ್ನು ನೋಟ್‌ಪುಸ್ತಕದ ರಟ್ಟಿಗೆ, ಅಭಿಮಾನಿ ಸಂಘದ ಫಲಕಕ್ಕೆ, ರಾಜ್ಯೋತ್ಸವದ ಬ್ಯಾನರಿಗೆ ಇಳಿಸಿಕೊಂಡರು. ಉಪೇಂದ್ರ ನಿರ್ದೇಶನದ ‘ಓಂ’ (1995), ‘ಎ’ (1998) ಚಿತ್ರಗಳಲ್ಲಿ ಒಂದೇ ಅಕ್ಷರ ಶೀರ್ಷಿಕೆಯಾಯಿತು. ಅವರದೇ ‘ಸೂಪರ್’ (2010) ಚಿತ್ರದಲ್ಲಿ ಅಕ್ಷರವೂ ಮರೆಯಾಗಿ ಕೈಸನ್ನೆಯೇ ಹೆಸರಾಯಿತು.

ಈ ಶತಮಾನದ ಆರಂಭದಲ್ಲಿ ಫ್ಲೆಕ್ಸ್ ಮುದ್ರಣ ಹರಡಿ ಕುಂಚದ ಕೆಲಸ ಕುಗ್ಗಿತು. ಅದೇ ದಶಕದಲ್ಲಿ, 2006ರ ತಮಿಳು ಕಲಿಕಾ ಕಾಯ್ದೆಯಿಂದ, ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ನಾವು ಬಾಳುವ ನೆಲದ ಭಾಷೆ. ಅದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡದ ಲಿಪಿ ಪಾಠದ ಹೊತ್ತಿನಲ್ಲಿ ಮಾತ್ರ ಕಣ್ಣಿಗೆ ಬೀಳುವಂತಾದರೆ, ಮನೆಯಲ್ಲಿ ಕನ್ನಡವಾಡುವ ಮಗುವೂ ಅದನ್ನು ಬರೆಯಲಾರದ ದಿನ ದೂರವಿಲ್ಲ. ಅಕ್ಷರದ ಮೇಲಿನ ಅಕ್ಕರೆ ಪರೀಕ್ಷೆಯಿಂದ ಹುಟ್ಟುವುದಿಲ್ಲ. ಚೆಂದದ ಅಕ್ಷರವನ್ನು ಕಂಡು, ತಾನೂ ಹಾಗೆ ಬರೆಯಬೇಕೆಂಬ ಆಸೆಯಿಂದ ಹುಟ್ಟುತ್ತದೆ.

ಆದುದರಿಂದ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಹಳೆಯ ಭಿತ್ತಿಪತ್ರ, ಸಿನಿಮಾ ಹಾಡಿನ ಪುಸ್ತಕ, ಕೈಬರಹದ ಫಲಕಗಳಿದ್ದರೆ ಶಾಲೆಗೆ ಒಪ್ಪಿಸಬೇಕೆಂದು ಕೋರುತ್ತೇವೆ. ಪೋಷಕರು ವಾರಕ್ಕೆ ಒಂದು ಹೆಸರನ್ನಾದರೂ ಮಕ್ಕಳ ಕೈಯಿಂದ ಬಣ್ಣದಲ್ಲಿ, ದೊಡ್ಡದಾಗಿ, ಕನ್ನಡದಲ್ಲಿ ಬರೆಸಲಿ. ಅದನ್ನು ತೂಗುಹಾಕಲು ನಮ್ಮ ಶಾಲೆಯ ಗೋಡೆಗಳು ಸದಾ ತೆರೆದಿವೆ.