ಹಂಗೇರಿ ಕೋಳಿ, ಬ್ಯಾಡಗಿ ಬಣ್ಣ

ಅಕ್ಕಾರ, ಹಂಗೇರಿ ದೇಶದ ಕೋಳಿ ಅಡಗಿ ಅಂದ್ರ ದೊಡ್ಡ ಹೋಟೆಲಿನ ಮಾತು ಅನಸ್ತೈತಿ. ಆದ್ರ ಅದರ ಜೀವ ಇರೋದು ಕೆಂಪು ಮೆಣಸಿನಕಾಯಿ ಒಳಗ. ಕರ್ಜಗಿಯಿಂದ ರೈಲು ಹತ್ತಿದ್ರ ಹಾವೇರಿ ಆದಮ್ಯಾಲ ಬರೋ ನಮ್ಮ ಬ್ಯಾಡಗಿಯೊಳಗ ಅಂಥಾ ಕಾಯಿ ರಾಶಿಗಟ್ಟಲೆ ಸಿಗ್ತಾವು. ಅವರು ಈ ಅಡಗಿಗೆ ಪಾಪ್ರಿಕಾಶ್ ಚಿರ್ಕೆ ಅಂತಾರ. ಪಾಪ್ರಿಕಾ ಅಂದ್ರ ಮೆಣಸಿನಕಾಯಿ, ಚಿರ್ಕೆ ಅಂದ್ರ ಕೋಳಿ.

ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅದರ ತವರುಮನಿ ಅಮೆರಿಕಾ ಖಂಡ. 1492ರಾಗ ಕೊಲಂಬಸ್ ಅಲ್ಲಿ ಮುಟ್ಟಿದ ಮ್ಯಾಲ ಅದು ಹಡಗು ಹತ್ತಿತು. 1510ರಾಗ ಗೋವಾ ಹಿಡಿದ ಪೋರ್ತುಗೀಸರಿಂದ ನಮ್ಮ ಕಡಿಗೆ ಬಂತು. ಅದಕ್ಕೂ ಮೊದಲು ನಮ್ಮ ಹಿರೇರ ಸಾರಿಗೆ ಖಾರ ಅಂದ್ರ ಹೆಚ್ಚಾಗಿ ಕರಿಮೆಣಸು. ಅತ್ತಾಗ ಹಂಗೇರಿಯ ದೊಡ್ಡ ಭಾಗ ಸುಮಾರು ನೂರೈವತ್ತು ವರ್ಷ ತುರ್ಕರ ಕೈಯಾಗಿತ್ತು. ಅದೇ ಕಾಲಕ್ಕ ಅಲ್ಲಿಗೂ ಕಾಯಿ ಹೋತು. ಅಲ್ಲಿಯವರು ಮೊದಲು ಅದನ್ನ ತುರ್ಕಿ ಮೆಣಸು ಅಂತನ ಕರೀತಿದ್ರು.

ಅವರಿಗೆ ಬಣ್ಣ ಬೇಕಿತ್ತು, ಉರಿ ಬ್ಯಾಡಾಗಿತ್ತು. ಖಾರ ಹೆಚ್ಚಿಗಿ ಇರೋದು ಕಾಯಿಯೊಳಗಿನ ಬಿಳೇ ನರದಾಗ. ಅಲ್ಲಿನ ಹೆಣ್ಣುಮಕ್ಕಳು ಕುಂತು ಒಂದೊಂದ ಕಾಯಿ ಸೀಳಿ ನರ, ಬೀಜ ತಗೀತಿದ್ರು. 1859ರಾಗ ಸೆಗೆಡ್ ಅನ್ನೋ ಊರಿನ ಪಾಲ್ಫಿ ಅಣ್ಣತಮ್ಮಂದಿರು ನರ, ಬೀಜ ತಗದು ಸಪ್ಪನ ಪುಡಿ ಮಾಡೋ ರೀತಿ ಕಂಡುಹಿಡಿದ್ರು. ಮುಂದ ಖಾರ ಇಲ್ಲದ ತಳಿನ ಬಂದುವು. ಅದೇ ಊರಿನ ವಿಜ್ಞಾನಿ ಸೆಂಟ್‌ ಗ್ಯೋರ್ಗಿ, ರಾತ್ರಿ ಊಟಕ್ಕ ಹೆಂಡತಿ ಕೊಟ್ಟ ಹಸಿ ಪಾಪ್ರಿಕಾ ತಿನ್ನಾಕ ಮನಸ್ಸಾಗದ ಲ್ಯಾಬಿಗೆ ಒಯ್ದರಂತ. ಅದರಾಗ ಸಿ ಜೀವಸತ್ವ ಭರ್ತಿ ಸಿಕ್ಕಿತು. 1937ರಾಗ ಅವರಿಗೆ ನೊಬೆಲ್ ಬಂತು.

ನಮ್ಮಲ್ಲಿ ಯಂತ್ರ ಇರಲಿಲ್ಲ. ಕಣದಾಗ ಒಣಗಿದ ರಾಶಿಯೊಳಗ ಬಣ್ಣ ಚಲೋ ಇದ್ದ ಕಾಯಿ ಆರಿಸಿ, ಬೀಜಕ್ಕಂತ ತಗದಿಟ್ಟು, ಮರುವರ್ಷ ಅದನ್ನ ಅಗಿ ಹಾಕಿ, ಹಿಂಗ ತಲೆಮಾರಿಗಟ್ಟಲೆ ಮಾಡಿದ್ದಕ್ಕ ಬಣ್ಣ ಹೆಚ್ಚು, ಖಾರ ಕಡಿಮಿ ಇರೋ ಸುಕ್ಕುಗಾಯಿ ಉಳೀತು. ಉದ್ದಂದು ಕಡ್ಡಿ, ಗಿಡ್ಡ ತುಂಬಿದ್ದು ಡಬ್ಬಿ. ಬ್ಯಾಡಗಿ ಪ್ಯಾಟ್ಯಾಗ ಇವತ್ತಿಗೂ ತುಂಬು ಬಿಡಸೋರು ನಮ್ಮ ಹೆಣ್ಣುಮಕ್ಕಳ. ಈ ಕಾಯಿಯ ಬಣ್ಣದ ಎಣ್ಣಿ ತುಟಿರಂಗಿಗೂ ಹೋಗ್ತೈತಿ. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಗುರುತು ಸಿಕ್ತು.

ಈಗ ಅಡಗಿ. ಡಬ್ಬಿಕಾಯಿ 12–15 ಮುರಿದು, ಬೀಜ ಜಾಡಿಸಿ, ನರ ತಗದು, ಬಿಸಲಿಗಿಟ್ಟು ಪುಡಿ ಮಾಡ್ರಿ. ಮೂರು ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ, ಎಣ್ಣ್ಯಾಗ ಸಣ್ಣ ಉರಿ ಮ್ಯಾಲ ಮೆತ್ತಗ ಆಗೂ ಮಟ ಹುರೀರಿ. ಪಾತೇಲಿ ಒಲಿಯಿಂದ ಇಳಿಸಿ, ಆಮ್ಯಾಲ ಎರಡು ಚಮಚೆ ಪುಡಿ ಹಾಕ್ರಿ. ಒಲಿ ಮ್ಯಾಲ ಇದ್ದಾಗ ಹಾಕಿದ್ರ ಪುಡಿ ಸುಟ್ಟು ಕಹಿ ಆಗ್ತೈತಿ. ಅರ್ಧ ಕಿಲೋ ಕೋಳಿ, ಒಂದು ಟಮಾಟಿ, ಒಂದು ದೊಣ್ಣಮೆಣಸಿನಕಾಯಿ, ಉಪ್ಪು, ಒಂದು ಲೋಟ ನೀರು ಹಾಕಿ ಮತ್ತ ಒಲಿಗಿಟ್ಟು, ಗಟ್ಟಿ ಮುಚ್ಚಿ, ಸಣ್ಣ ಉರಿಗೆ ಮುಕ್ಕಾಲು ತಾಸು ಬಿಡ್ರಿ. ಓವನ್ ಬೇಕಂತಿಲ್ಲ. ಕಡೀಕ ಅರ್ಧ ಬಟ್ಟಲ ಗಟ್ಟಿ ಮೊಸರಿಗೆ ಒಂದು ಚಮಚೆ ಮೈದಾ ಕಲಸಿ ಹಾಕಿ, ಕುದಿಸದ ಇಳಸ್ರಿ. ಗರಂ ಮಸಾಲಿ ಬ್ಯಾಡ, ಬಣ್ಣ ಮತ್ತ ಘಮ ಮುಚ್ಚಿಹೋಗ್ತಾವು. ಅನ್ನಕ್ಕೂ ಚಲೋ, ಬಿಸಿ ರೊಟ್ಟಿಗೂ ಚಲೋ. ಕೋಳಿ ತಿನ್ನದವರು ಬಟಾಟಿ ಹಾಕ್ರಿ. ಹಂಗೇರಿಯಾಗೂ ಪಾಪ್ರಿಕಾ ಹಾಕಿದ ಬಟಾಟಿ ಅಡಗಿ ಐತಿ.

ಒಂದು ಮಾತು ಮಾತ್ರ ಮನಸ್ಸಿಗೆ ಹಚ್ಚಿಕೊಳ್ರಿ. ನಮ್ಮ ಸುತ್ತಿನ ಹೊಲದಾಗ ಈಗ ಎಲ್ಲಿ ನೋಡಿದ್ರೂ ಗೋವಿನಜೋಳ, ಹತ್ತಿ. ಬ್ಯಾಡಗಿ ಪ್ಯಾಟಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿ ಲಾರಿಗಟ್ಟಲೆ ಬರ್ತೈತಿ. ಅದರಾಗ ಹೈಬ್ರಿಡ್ ಬೀಜದ್ದೂ ಬಾಳ. ಹೈಬ್ರಿಡ್ ಕಾಯಿ ಬೀಜ ಇಟ್ಟು ಬಿತ್ತಿದ್ರ ಅದೇ ಗುಣ ಬರೂದಿಲ್ಲ, ವರ್ಷಾ ಕೊಳ್ಳಬೇಕು. ಹಿರೇರು ಆರಿಸಿ ಉಳಿಸಿದ ಬೀಜ ಹೋದ್ರ ಬ್ಯಾಡಗಿ ಅನ್ನೋದು ಪ್ಯಾಕೀಟಿನ ಮ್ಯಾಲಿನ ಹೆಸರಷ್ಟ ಆಗ್ತೈತಿ.

ಅದಕ್ಕ ಜವಾರಿ ಡಬ್ಬಿಕಾಯಿ ಸಿಕ್ಕಿದ್ರ, ಈ ಅಡಗಿಗೆ ಜಾಡಿಸಿದ ಬೀಜ ಚೆಲ್ಲಬ್ಯಾಡ್ರಿ. ಬೂದಿ ಹಚ್ಚಿ ಡಬ್ಬ್ಯಾಗ ಇಟ್ಟು, ಮುಂಗಾರಿಗೆ ಹಿತ್ತಲದಾಗ ಒಂದು ಮಡಿ ಅಗಿ ಹಾಕ್ರಿ. ಓಣ್ಯಾಗ ನಾಕು ಮನಿಗೆ ಹಂಚೂವಷ್ಟು ಅಗಿ ಅದರಾಗ ಬರ್ತಾವು.