ಜೀವಶಿಲೆಯೋ ಒಣಶಿಲೆಯೋ: ಕಡಲಿಲ್ಲದ ನಾಡಿನಲ್ಲಿ ಹವಳದ ಜಲಗೃಹ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳು ಪುಣೆಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದಲ್ಲಿ ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ಕಡಲ ಗಾಳಿ ಸೋಕುವುದಿಲ್ಲ. ಪಡುವಣಕ್ಕೆ ಮಲೆನಾಡನ್ನೂ ಘಟ್ಟವನ್ನೂ ದಾಟಿದ ಮೇಲೆಯೇ ಸಮುದ್ರದರ್ಶನ. ಇಂಥ ಒಣನಾಡಿನ ಮನೆಯೊಂದರಲ್ಲಿ ಗಾಜಿನ ತೊಟ್ಟಿಯನ್ನಿರಿಸಿ, ಉಪ್ಪುನೀರನ್ನು ತುಂಬಿ, ಅದರೊಳಗೆ ಹವಳದ ದಿಬ್ಬವೊಂದನ್ನು ಎಬ್ಬಿಸಬೇಕೆಂಬ ಬಯಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಉಂಟಾಯಿತು. ರಾಣೆಬೆನ್ನೂರಿನವರಾದ ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಇದು: "ಹಾವೇರಿಯ ಸಿದ್ಧೇಶ್ವರ ಗುಡಿಯ ಕಲ್ಲಿನಂಥ ಕಲ್ಲನ್ನೇ ತೊಟ್ಟಿಗೆ ಹಾಕಬಹುದೆ?" ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಬಂದರು ಪಟ್ಟಣದ ವ್ಯಾಪಾರಿಯೊಬ್ಬರು ಕಡಲಿನಿಂದ ಎತ್ತಿದ ಜೀವಶಿಲೆಯನ್ನು ಒದ್ದೆ ಕಾಗದದಲ್ಲಿ ಸುತ್ತಿ ಕಳುಹಿಸುವುದಾಗಿ ಹೇಳಿದ್ದರು, ಮುಂಗಡವನ್ನೂ ಪಡೆದಿದ್ದರು. ಅದನ್ನು ತರಿಸಬೇಕೆ, ಇಲ್ಲವೆ ಒಣಶಿಲೆಯಿಂದಲೇ ಆರಂಭಿಸಬೇಕೆ? ಚರಿತ್ರೆಯ ಅಧ್ಯಾಪಕರಿಗೆ ಇದು ಸಲ್ಲದ ಪ್ರಶ್ನೆಯೆಂದು ಮೊದಲು ನಮಗೂ ತೋರಿತು. ವಿಚಾರಿಸುತ್ತ ಹೋದಂತೆ ಇದು ಚರಿತ್ರೆಯ ಪ್ರಶ್ನೆಯೇ ಎಂಬ ನಿರ್ಧಾರಕ್ಕೆ ಬಂದೆವು. ಪ್ರಕೃತ ಲೇಖನ ಆ ವಿಚಾರಣೆಯ ಫಲ.

ಶಿಲೆಯ ಆಯ್ಕೆ ನಮ್ಮ ಸೀಮೆಗೆ ಹೊಸ ಸಮಸ್ಯೆಯಲ್ಲ. ಬಾದಾಮಿಯ ಚಾಲುಕ್ಯರ ಕಾಲದ ಶಿಲ್ಪಿಗಳು ಮಲಪ್ರಭೆಯ ಕಣಿವೆಯ ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದಾಗ, ಹನ್ನೊಂದನೆಯ ಶತಮಾನದಲ್ಲಿ, ಈ ಭಾಗದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದರು. ಅಣ್ಣಿಗೇರಿಯ ಅಮೃತೇಶ್ವರ, ಹಾವೇರಿಯ ಸಿದ್ಧೇಶ್ವರ, ಚೌಡಯ್ಯದಾನಪುರದ ಮುಕ್ತೇಶ್ವರ ಮುಂತಾದ ಗುಡಿಗಳು ಈ ಬದಲಾವಣೆಯ ಸಾಕ್ಷಿಗಳು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಉಳಿಗೆ ಸುಲಭವಾಗಿ ಒದಗುವ ಆ ಕಲ್ಲು, ಗಾಳಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಕಂಬಗಳ ತಿರುಗಣೆಯ ನುಣುಪು, ತೋರಣಗಳ ಸೂಕ್ಷ್ಮ ಕೆತ್ತನೆ ಇವೆಲ್ಲ ಆ ಆಯ್ಕೆಯಿಂದ ಸಾಧ್ಯವಾದವು. ಎಂದಮೇಲೆ, ಯಾವ ಕಾರ್ಯಕ್ಕೆ ಯಾವ ಶಿಲೆ ಎಂಬ ವಿವೇಚನೆಯೇ ಒಂದು ಪರಂಪರೆಯನ್ನು ನಿರ್ಮಿಸಬಲ್ಲದು.

ಆದರೆ ಗುಡಿಗೆ ಒಪ್ಪಿದ ಶಿಲೆ ಜಲಗೃಹಕ್ಕೆ ಒಪ್ಪಬೇಕೆಂಬ ನಿಯಮವಿಲ್ಲ. ಬಳಪದ ಕಲ್ಲು ಒತ್ತಾದ ರಚನೆಯುಳ್ಳದ್ದು, ಅದರಲ್ಲಿ ರಂಧ್ರಗಳಿಲ್ಲ. ಹವಳದ ತೊಟ್ಟಿಯಲ್ಲಿ ಶಿಲೆಯ ಕೆಲಸ ಅಲಂಕಾರವಷ್ಟೇ ಅಲ್ಲ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಶಿಲೆಯ ಒಳಗೆ ಆಮ್ಲಜನಕ ಮುಟ್ಟದ ಸಂದುಗಳಲ್ಲಿ ನೆಲೆಸುವ ಬೇರೆ ಸೂಕ್ಷ್ಮಾಣುಗಳು ನೈಟ್ರೇಟನ್ನು ಸಾರಜನಕವಾಗಿ ಬಿಡಿಸಿ ಗಾಳಿಗೆ ಕಳುಹಿಸುತ್ತವೆ. ಹೀಗೆ ರಂಧ್ರಮಯವಾದ ಶಿಲೆ ಆ ಪುಟ್ಟ ಸಮುದ್ರದ ಯಕೃತ್ತಿನಂತೆ ಕೆಲಸ ಮಾಡುತ್ತದೆ. ಈ ಸೂಕ್ಷ್ಮಾಣುಗಳೂ ಅವುಗಳೊಡನೆ ಸ್ಪಂಜು, ಹುಳು, ಕೆನ್ನೀಲಿ ಸುಣ್ಣಪಾಚಿ ಮೊದಲಾದವೂ ಆಗಲೇ ನೆಲೆಸಿರುವುದು ಜೀವಶಿಲೆ. ರಂಧ್ರಗಳಿದ್ದೂ ಒಕ್ಕಲಿಲ್ಲದ ಬರಿದಾದ ಮನೆ ಒಣಶಿಲೆ.

ಈ ತಿಳಿವಳಿಕೆ ಒಮ್ಮೆಗೆ ಬಂದದ್ದಲ್ಲ. 1846ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿ ಕಡಲತಡಿಯಿಂದ ಗಟ್ಟಿಹವಳಗಳನ್ನು ಲಂಡನ್ನಿಗೆ ಒಯ್ದು ಸಾಕಿದರು. ನೀರಿನಲ್ಲಿ ಗಾಳಿ ಬೆರೆಯಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಶ್ರಮವನ್ನೂ ಕೈಗೊಂಡರು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಮೀನು, ನೀರುಗಿಡ, ಬಸವನಹುಳು ಇವು ಮೂರೂ ಸೇರಿದರೆ ತೊಟ್ಟಿಯ ನೀರು ಸಮತೋಲದಲ್ಲಿ ನಿಲ್ಲುವುದೆಂದು ಪ್ರಕಟಿಸಿದರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಎಂಬ ಗ್ರಂಥ ಹೊರಬಂದಿತು. ಆ ಗ್ರಂಥದಿಂದ ಹುಚ್ಚೆದ್ದ ಜನ ಕಡಲತಡಿಗೆ ಮುಗಿಬಿದ್ದು ಕಲ್ಲುಹೊಂಡಗಳನ್ನು ಬರಿದುಮಾಡಿದರು. ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಈ ಸೂರೆಯನ್ನು ನೆನೆದು ಮರುಗಿದ್ದಾರೆ. ತಂದೆಯೂ ಇದಕ್ಕಾಗಿ ಬಹಳ ನೊಂದಿದ್ದರೆಂದು ತಿಳಿದುಬರುತ್ತದೆ. ಕಡಲನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಕಡಲತಡಿಯನ್ನು ಬರಿದುಮಾಡಿದ ಈ ವಿಪರ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

ಕೊಳೆ ಕಳೆಯುವ ಕೆಲಸ ಸೂಕ್ಷ್ಮಾಣುಗಳದೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ತೋರಿಸಿದರು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಅವನ್ನು ಬೇರ್ಪಡಿಸಿದರು. ಆದರೂ ಜೀವಂತ ಶಿಲೆಯನ್ನೇ ತೊಟ್ಟಿಯ ಶುದ್ಧಿಗೆ ಬಳಸಬಹುದೆಂಬುದನ್ನು ಜಗತ್ತಿಗೆ ತಿಳಿಸಿದವರು ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅವರು ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ 'ನಿಸರ್ಗದ ಪದ್ಧತಿ'ಯನ್ನು ವಿವರಿಸಿದರು: ಕಡಲ ನೀರು, ಕಡಲ ಶಿಲೆ, ಗಾಳಿಯ ಗುಳ್ಳೆ, ಇಷ್ಟೇ. ಕಡಲು ಅವರ ನೆರೆಯಲ್ಲೇ ಇತ್ತೆಂಬುದನ್ನು ಮರೆಯಲಾಗದು. ಮುಂದೆ ಜರ್ಮನಿಯ ಹವ್ಯಾಸಿಗಳು ಜೀವಶಿಲೆಯೊಡನೆ ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರವನ್ನು ಜೋಡಿಸಿ ಬರ್ಲಿನ್ ಪದ್ಧತಿಯನ್ನು ರೂಪಿಸಿದರು. ಆಗಿನಿಂದ ಜೀವಶಿಲೆ ವ್ಯಾಪಾರದ ಸರಕಾಯಿತು. ಫಿಜಿಯಂಥ ದ್ವೀಪಗಳಿಂದ ವಿಮಾನವೇರಿ ದೂರದೂರದ ನಗರಗಳನ್ನು ತಲಪಿತು. ಅಮೆರಿಕದ ಫ್ಲಾರಿಡಾ ರಾಜ್ಯ 1989ರಲ್ಲಿಯೇ ತನ್ನ ನೀರಿನಿಂದ ಇಂಥ ಶಿಲೆ ಎತ್ತುವುದನ್ನು ನಿಷೇಧಿಸಿತು. ಬಳಿಕ ಅಲ್ಲಿನವರು ನೆಲದ ಗಣಿಯ ಸುಣ್ಣಗಲ್ಲನ್ನು ಕಡಲಿಗಿಳಿಸಿ, ಅದರಲ್ಲಿ ಜೀವ ಹಿಡಿದ ಮೇಲೆ ಎತ್ತಿ ಮಾರುವ ಬೇಸಾಯವನ್ನು ಕಂಡುಕೊಂಡರು.

ನಮ್ಮ ದೇಶದ ಕಥೆಯನ್ನೂ ನೋಡಬೇಕು. ಮದರಾಸಿನಲ್ಲಿ 1909ರಲ್ಲಿ ಸಾರ್ವಜನಿಕ ಜಲಗೃಹ ತೆರೆಯಿತು. ಮುಂಬಯಿಯ ತಾರಾಪೋರವಾಲಾ ಜಲಗೃಹ ತೆರೆದದ್ದು 1951ರಲ್ಲಿ. ಆಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ರಾಜಧಾನಿಗೆ ಹೋದ ನಮ್ಮವರು ಗಾಜಿನ ಹಿಂದಿನ ಕಡಲನ್ನು ಕಾಣಲು ಅಲ್ಲಿ ಅವಕಾಶವಿತ್ತು. ಅದೇ ಕಾಲದ ಸುಮಾರಿಗೆ ಮನ್ನಾರ್ ಖಾರಿಯಲ್ಲಿ ಹವಳದ ದಿಬ್ಬಗಳನ್ನು ಸುಣ್ಣಕ್ಕಾಗಿಯೂ ಸಿಮೆಂಟಿಗಾಗಿಯೂ ಅಗೆದು ಸಾಗಿಸಲಾಗುತ್ತಿತ್ತು. ಅಲ್ಲಿನ ಇಪ್ಪತ್ತೊಂದು ದ್ವೀಪಗಳಲ್ಲಿ ಎರಡು ನೀರಿನಡಿ ಮುಳುಗಿಹೋದುದಕ್ಕೆ ಈ ಅಗೆತವೂ ಒಂದು ಕಾರಣ. ಕಡೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಸೇರಿಸಲಾಯಿತು. ಹುಲಿಗೆ ದೊರೆತ ರಕ್ಷಣೆಯೇ ಹವಳಕ್ಕೂ ದೊರೆಯಿತು. ನಮ್ಮ ರಾಜ್ಯದ ಹವಳಗಳಿಗೆ ಹೆಸರಾದ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದ ಯಾರಾದರೂ ಒಂದು ತುಂಡನ್ನು ಒಡೆದು ತಂದರೆ ಅದು ಹವ್ಯಾಸವಲ್ಲ, ಅಪರಾಧ. ಸತ್ತ ಹವಳದ ಅಸ್ಥಿಪಂಜರವೂ ಇದೇ ಕಾಯಿದೆಯ ಕಣ್ಣಿಗೆ ಬೀಳುವ ವಸ್ತುವೆಂಬುದರಿಂದ, ಒಣಗಿದೆಯೆಂಬ ಮಾತ್ರಕ್ಕೆ ಅದು ನಿರ್ದೋಷವಾಗದು.

ಇಷ್ಟನ್ನು ತಿಳಿದ ಮೇಲೆ ಉಭಯ ಪಕ್ಷಗಳ ಗುಣದೋಷಗಳನ್ನು ತೂಗುವುದು ಸುಲಭ. ಜೀವಶಿಲೆಯ ದೊಡ್ಡ ಗುಣ ಶೀಘ್ರತೆ. ನೀರು ಬೇಗ ಹದಗೊಳ್ಳುತ್ತದೆ, ಜೀವವೈವಿಧ್ಯವೂ ಜೊತೆಯಲ್ಲೇ ಬರುತ್ತದೆ. ಆದರೆ ಬೇಡದ ಅತಿಥಿಗಳೂ ಬರುತ್ತಾರೆ: ಹವಳವನ್ನು ಕುಟುಕುವ ಐಪ್ಟೇಸಿಯಾ ಎಂಬ ಕಡಲಹೂವು, ಮೀನನ್ನು ಹೊಡೆಯುವ ಮ್ಯಾಂಟಿಸ್ ಸೀಗಡಿ, ರಾತ್ರಿ ಹೊರಬರುವ ಮುಳ್ಳುಹುಳು. ದೀರ್ಘ ಪ್ರಯಾಣದಲ್ಲಿ ಶಿಲೆಯ ಮೇಲಿನ ಜೀವಿಗಳು ಸಾಯುವುದರಿಂದ, ಹದಗೊಳಿಸಲೆಂದು ತಂದದ್ದೇ ನೀರನ್ನು ಕೆಡಿಸಲೂಬಹುದು. ಕಡಲಿನಿಂದ ಇಷ್ಟು ದೂರವಿರುವ ನಮ್ಮ ಊರುಗಳಿಗೆ ಈ ಭಯ ಹೆಚ್ಚು. ಒಣಶಿಲೆ ಅಗ್ಗ, ನಿರ್ಮಲ, ಬೇಕಾದಂತೆ ಜೋಡಿಸಲು ಅನುಕೂಲ. ಆದರೆ ಅದು ಕಾಯಿಸುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು; ಶಿಲೆ ನಿಜವಾಗಿ ಪಕ್ವವಾಗಲು ಹಲವು ತಿಂಗಳು. ನಡುವೆ ಕಂದುಬಣ್ಣದ ಲೋಳೆ, ಹಸಿರು ಪಾಚಿ ಇವುಗಳ ಕುರೂಪದ ಕಾಲವೊಂದು ಬಂದುಹೋಗುತ್ತದೆ.

ಈ ಕಾಯುವಿಕೆಯ ಬೆಲೆ ನಮಗೆ ಸ್ವಾನುಭವದಿಂದಲೇ ಗೊತ್ತು. ಕೆಲವು ವರ್ಷಗಳ ಹಿಂದೆ ನಾವೂ ಒಂದು ಸಣ್ಣ ತೊಟ್ಟಿಯನ್ನಿಟ್ಟು, ಒಣಶಿಲೆ ಜೋಡಿಸಿ, ನೀರು ತಿಳಿಯಾಗಿ ಕಂಡಿತೆಂದು ಎಂಟನೆಯ ದಿನವೇ ಎರಡು ಮೀನುಗಳನ್ನು ಬಿಟ್ಟೆವು. ಹನ್ನೆರಡನೆಯ ದಿನ ಬೆಳಗ್ಗೆ ಎರಡೂ ಮೇಲೆ ತೇಲುತ್ತಿದ್ದವು. ತಪ್ಪು ಶಿಲೆಯದಲ್ಲ, ನಮ್ಮ ಅವಸರದ್ದು. ತಿಳಿನೀರಿಗೂ ಹದನೀರಿಗೂ ಇರುವ ಅಂತರವನ್ನು ಅಂದು ಕಲಿತೆವು.

ಹಾಗಾದರೆ ನಿರ್ಣಯವೇನು? ಇದಕ್ಕೆ ಉತ್ತರ ನಮ್ಮ ಅಡುಗೆಮನೆಗಳಲ್ಲಿಯೇ ಇದೆ. ಹಾಲನ್ನು ಮೊಸರಾಗಿಸಲು ಯಾರೂ ಒಂದು ಕೊಡ ಮೊಸರನ್ನು ಕೊಂಡುತರುವುದಿಲ್ಲ. ಒಂದು ಚಮಚ ಹೆಪ್ಪು ಸಾಕು, ಉಳಿದುದನ್ನು ರಾತ್ರಿ ಮಾಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯೂ ಇದನ್ನೇ ಹೇಳುತ್ತದೆ. ಮೆಣಸಿನ ಗಿಡದ ತವರು ಅಮೆರಿಕ ಖಂಡ. ಪೋರ್ತುಗೀಸರ ಹಡಗುಗಳ ಕಾಲದಲ್ಲಿ ಅದು ಈ ನೆಲಕ್ಕೆ ಬಂದಿತು. ಆದರೆ ನಾವು ಪ್ರತಿವರ್ಷ ಕಡಲಾಚೆಯಿಂದ ಗಿಡಗಳನ್ನು ಕಿತ್ತುತರುತ್ತಿಲ್ಲ; ಬಂದ ಬೀಜವನ್ನು ನಮ್ಮ ಎರೆಭೂಮಿಯಲ್ಲಿ ಬೆಳೆಸಿ ನಮ್ಮದೇ ಆಗಿಸಿಕೊಂಡೆವು. ಬೀಜೋದ್ಯಮಕ್ಕೆ ಹೆಸರಾದ ರಾಣೆಬೆನ್ನೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವವನ್ನು ಸಗಟಾಗಿ ತರುವುದು ಸೂರೆ. ಬೀಜವಾಗಿ ತಂದು ಬೆಳೆಸುವುದು ಕೃಷಿ.

ಆದಕಾರಣ ನಾವು ಆ ಮಿತ್ರರಿಗೆ ಹೇಳಿದ್ದು ಇಷ್ಟು. ಸಿಮೆಂಟು ಮತ್ತು ಚಿಪ್ಪಿನ ಚೂರುಗಳಲ್ಲಿ ಹರಳುಪ್ಪನ್ನು ಬೆರೆಸಿ ಶಿಲೆಯನ್ನು ಎರಕ ಹೊಯ್ಯಿರಿ. ಉಪ್ಪು ಕರಗಿದಾಗ ರಂಧ್ರಗಳು ಉಳಿಯುತ್ತವೆ. ಸಿಮೆಂಟಿನ ಕ್ಷಾರ ಇಳಿಯುವವರೆಗೆ ಹಲವು ವಾರ ನೀರಿನಲ್ಲಿ ನೆನೆಯಿಸಿ, ನೀರನ್ನು ಬದಲಾಯಿಸುತ್ತಿರಿ. ನಮ್ಮ ಕೊಳವೆಬಾವಿಗಳ ಗಡಸುನೀರನ್ನು ನೇರವಾಗಿ ಬಳಸದೆ, ಶೋಧಿಸಿದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶವಿರುವಂತೆ ಸಮುದ್ರಲವಣವನ್ನು ಬೆರೆಸಿರಿ. ಹೆಪ್ಪಿಗಾಗಿ, ಪಕ್ವವಾದ ಬೇರೊಂದು ತೊಟ್ಟಿಯಲ್ಲಿ ಬೆಳೆದ ಇಂಥದೇ ಕೃತಕ ಶಿಲೆಯ ಒಂದು ತುಂಡನ್ನೋ ಒಂದು ಹಿಡಿ ಮರಳನ್ನೋ ತಂದು ಹಾಕಿರಿ. ಬಳಿಕ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಾಗುವವರೆಗೆ ಕಾಯಿರಿ.

ಅವರು ವ್ಯಾಪಾರಿಯ ಸರಕನ್ನು ಬೇಡವೆಂದರು. ಮುಂಗಡ ಮರಳಿ ಬರಲಿಲ್ಲ. ಆ ನಷ್ಟಕ್ಕೆ ನಮ್ಮ ಸಲಹೆಯೇ ಕಾರಣವಾದ್ದರಿಂದ ನಮಗೆ ಸ್ವಲ್ಪ ಸಂಕೋಚವಾಯಿತು. ಮೂರು ತಿಂಗಳ ಮೇಲೆ ನಾವು ಅವರ ಮನೆಗೆ ಹೋದಾಗ ತೊಟ್ಟಿಯ ತುಂಬ ಕಂದು ಲೋಳೆಯೇ ಕಾಣುತ್ತಿತ್ತು. ಮನೆಯವರು ನಗುತ್ತಿದ್ದರು; ಅವರು ಮಾತ್ರ ಶಿಲೆಯ ಮೂಲೆಯೊಂದನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಸಾಸಿವೆಯಷ್ಟು ಅಗಲದ ಕೆನ್ನೀಲಿ ಚುಕ್ಕೆಯೊಂದು ಹಿಡಿದಿತ್ತು: ಸುಣ್ಣಪಾಚಿ. ಸತ್ತ ಕಲ್ಲು ಜೀವ ಹಿಡಿಯಲು ಆರಂಭಿಸಿತ್ತು.

ಕೊನೆಯದಾಗಿ ಒಂದು ಮಾತು. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗದ ಒಂದು ಸ್ತರಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಅದರ ಗ್ರೇವ್ಯಾಕ್ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೆಸರಾಗಿ ಕೂತು ಗಟ್ಟಿಯಾದಂಥವು. ಕಡಲಿಲ್ಲದ ನಾಡೆಂದು ನಾವು ಕರೆದುಕೊಂಡ ಈ ನೆಲ ಒಂದು ಕಾಲಕ್ಕೆ ಕಡಲೇ ಆಗಿತ್ತು. ಅಷ್ಟು ದೀರ್ಘವಾದ ಕಾಲಗಣನೆಯ ಮುಂದೆ ಒಂದು ತೊಟ್ಟಿಗಾಗಿ ಆರು ತಿಂಗಳು ಕಾಯುವುದು ಹೆಚ್ಚಿನ ತಪಸ್ಸೇನೂ ಅಲ್ಲ.